ಲಾರಿ ಬಂದಂಗ ಸಪ್ಪಳಾತು

ಅವ್ವ ಆ ರಾತ್ರಿಯ ಕಥೆಯನ್ನು ಯಾವಾಗಲೂ ಲಾರಿಯಿಂದಲೇ ಶುರು ಮಾಡುತ್ತಾಳೆ.

"ಮೊದಲ ದೊಡ್ಡ ಲಾರಿ ಬಂದಂಗ ಸಪ್ಪಳಾತು. ಇಷ್ಟೊತ್ತಿನ್ಯಾಗ ಯಾರ ಲಾರಿ ಬಂತಪ್ಪಾ ಅಂದೆ. ಎದ್ದು ತೊಟ್ಟಿಲದಾಗಿನ ಕೂಸಿನ್ನ ಎತ್ಕೊಂಡೆ. ಹೊಸ್ತಿಲ ದಾಟೂದ್ರಾಗ ಮನಿ ತೂಗಾಕ ಹತ್ತಿತು."

ಮೂವತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಈ ನಾಲ್ಕು ಮಾತು ಒಂದು ಸಲವೂ ಹಿಂದೆ ಮುಂದೆ ಆಗಿಲ್ಲ. ಲಾರಿ, ಕೂಸು, ಹೊಸ್ತಿಲು, ಆಮೇಲೆ ತೂಗಾಟ. ಎತ್ತಿಕೊಂಡ ಕೂಸು ನನ್ನ ತಂಗಿ. ನನಗಾಗ ಹತ್ತು ವರ್ಷ. ನನಗೆ ನೆನಪಿರುವುದು ಅಪ್ಪ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದದ್ದು, ಮತ್ತು ಅಡಿಗೆಮನೆಯ ಮಾಡದಿಂದ ಪಾತ್ರೆಗಳು ಒಂದರ ಹಿಂದೆ ಒಂದು ಬಿದ್ದದ್ದು. ಆ ಸದ್ದು ಈಗಲೂ ಕಿವಿಯಲ್ಲಿದೆ.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ. ಊರೂರಲ್ಲಿ ಗಣಪತಿ ಕಳಿಸಿ ಬಂದು ಜನ ತಡವಾಗಿ ಮಲಗಿದ್ದರು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಹತ್ತಿರ ನೆಲದ ಒಳಗೆ, 10 ಕಿ.ಮೀ. ಕೂಡ ಆಳವಿಲ್ಲದ ಕಡೆ, ಬಂಡೆ ಬಿರಿದು ಸರಿಯಿತು. ಭೂಕಂಪದ ಪ್ರಮಾಣ 6.2. ಸತ್ತವರು ಹತ್ತು ಸಾವಿರದ ಹತ್ತಿರ. ನಾವಿದ್ದದ್ದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ. ಕಿಲ್ಲಾರಿಯಿಂದ ನಮಗೆ ನೇರ ಗೆರೆ ಎಳೆದರೆ ಸುಮಾರು 70 ಕಿ.ಮೀ. ನಮ್ಮೂರಲ್ಲಿ ಗೋಡೆಗಳು ಬಿರುಕು ಬಿಟ್ಟವು. ದೇವರ ದಯೆ, ಯಾರ ಜೀವವೂ ಹೋಗಲಿಲ್ಲ.

ಸಣ್ಣವನಿದ್ದಾಗ ಅವ್ವನ ಲಾರಿ ನನಗೆ ಅರ್ಥ ಆಗುತ್ತಿರಲಿಲ್ಲ. ಆ ಹೊತ್ತಿಗೆ ನಮ್ಮ ಓಣಿಗೆ ಲಾರಿ ಬರುವುದು ಸಾಧ್ಯವೇ ಇರಲಿಲ್ಲ. ಹೆದರಿಕೆಯಲ್ಲಿ ಏನೋ ಕೇಳಿಸಿರಬೇಕು ಅಂದುಕೊಂಡಿದ್ದೆ. ಅಪ್ಪನೂ ಹಾಗೇ ಅನ್ನುತ್ತಿದ್ದರು. ಮುಂದೆ ಕಾಲೇಜಿನಲ್ಲಿ ಭೂಕಂಪದ ಪಾಠ ಬಂದಾಗ ಒಂದು ಪುಟದ ಮುಂದೆ ಬಹಳ ಹೊತ್ತು ಕೂತಿದ್ದೆ. ಅವ್ವನ ಲಾರಿ ಅಲ್ಲಿತ್ತು.

ನೆಲದೊಳಗೆ ಬಂಡೆ ಒಡೆದಾಗ ಅಲ್ಲಿಂದ ಎರಡು ಥರದ ಅಲೆ ಹೊರಡುತ್ತವೆ. ಮೊದಲನೆಯದು ಪಿ ಅಲೆ. ಸೊಲ್ಲಾಪುರ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಗೆ ಎಂಜಿನ್ ಬಂದು ಕೂಡುವುದನ್ನು ನೋಡಿದ್ದೀರಾ? ಒಂದು ಡಬ್ಬಿ ಇನ್ನೊಂದನ್ನು ಗುದ್ದುತ್ತದೆ, ಅದು ಮತ್ತೊಂದನ್ನು. ಗುದ್ದು ಕೊನೆಯ ಡಬ್ಬಿಯವರೆಗೆ ಓಡುತ್ತದೆ. ಪಿ ಅಲೆ ಬಂಡೆಯೊಳಗೆ ಹೀಗೇ ಓಡುತ್ತದೆ, ಸೆಕೆಂಡಿಗೆ ಸುಮಾರು 6 ಕಿ.ಮೀ. ಎರಡನೆಯದು ಎಸ್ ಅಲೆ. ಹಗ್ಗದ ಒಂದು ತುದಿ ಕಟ್ಟಿ ಇನ್ನೊಂದು ತುದಿ ಜಾಡಿಸಿದರೆ ಹಗ್ಗ ಅಡ್ಡಡ್ಡ ಆಡುತ್ತದಲ್ಲ, ಹಾಗೆ. ಇದರ ವೇಗ ಸೆಕೆಂಡಿಗೆ ಮೂರೂವರೆ ಕಿ.ಮೀ. ಆಸುಪಾಸು. ಮನೆ ಬೀಳಿಸುವ ತೂಗಾಟ ಬಹುಪಾಲು ಇದರದ್ದು, ಇದರ ಹಿಂದೆ ಬರುವ ಮೇಲ್ಮೈ ಅಲೆಗಳದ್ದು.

ಪಿ ಅಲೆ ಸದ್ದಿನ ಥರದ್ದೇ ಅಲೆ. ನೆಲದಿಂದ ಗಾಳಿಗೆ ದಾಟಿದಾಗ ಕಿವಿಗೆ ಗುಡುಗುಡು ಅಂತ ಕೇಳಿಸಬಹುದು. ಜಗತ್ತಿನ ಬೇರೆ ಬೇರೆ ಕಡೆ ಭೂಕಂಪ ಕಂಡವರು ರೈಲು ಬಂದ ಹಾಗೆ, ಭಾರದ ಗಾಡಿ ಬಂದ ಹಾಗೆ ಅನ್ನುತ್ತಾರೆ. ಅವ್ವ ಲಾರಿ ಅಂದಳು. ಅವಳಿಗೆ ಗೊತ್ತಿದ್ದ ಭಾರದ ಸಪ್ಪಳ ಅಂದರೆ ಸುಗ್ಗಿಯಲ್ಲಿ ದೊಡ್ಡ ರಸ್ತೆಗೆ ಬರುವ ಕಬ್ಬಿನ ಲಾರಿ.

ಸಿಡಿಲಿನ ಲೆಕ್ಕ ಎಲ್ಲ ಮಕ್ಕಳಿಗೂ ಗೊತ್ತು. ಮಿಂಚಿದ ಮೇಲೆ ಎಣಿಸುತ್ತ ಹೋಗುವುದು, ಗುಡುಗು ಬಂದಾಗ ನಿಲ್ಲಿಸುವುದು. ಜಾಸ್ತಿ ಎಣಿಸಿದರೆ ಸಿಡಿಲು ದೂರ. ಭೂಕಂಪಕ್ಕೂ ಅದೇ ಲೆಕ್ಕ. ಪಿ ಅಲೆ ಬಂದ ಹೊತ್ತಿಗೂ ಎಸ್ ಅಲೆ ಬಂದ ಹೊತ್ತಿಗೂ ನಡುವೆ ಎಷ್ಟು ಸೆಕೆಂಡು ಅಂತ ನೋಡಿ ಅದನ್ನು 8ರಿಂದ ಗುಣಿಸಬೇಕು. ಹೆಚ್ಚುಕಡಿಮೆ ಅಷ್ಟು ಕಿಲೋಮೀಟರ್ ದೂರದಲ್ಲಿ ಬಂಡೆ ಒಡೆದಿದೆ. ನಮ್ಮ 70 ಕಿ.ಮೀ.ಗೆ ಲೆಕ್ಕ ಹಾಕಿದರೆ 9 ಸೆಕೆಂಡಿನ ಹತ್ತಿರ ಬರುತ್ತದೆ. ಲಾರಿಯಿಂದ ಹೊಸ್ತಿಲವರೆಗೆ ಅವ್ವನಿಗೆ ಸಿಕ್ಕ ಹೊತ್ತು ಅದು.

ಈ ಎರಡು ಅಲೆಗಳನ್ನು ಯಂತ್ರದ ಗೆರೆಗಳಲ್ಲಿ ಬೇರೆ ಬೇರೆಯಾಗಿ ಗುರುತಿಸಿದವರು ಆರ್.ಡಿ. ಓಲ್ಡ್‌ಹ್ಯಾಮ್. ನಮ್ಮ ದೇಶದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರು. 1897ರ ಜೂನ್ 12ರಂದು ಅಸ್ಸಾಂನಲ್ಲಿ ದೊಡ್ಡ ಭೂಕಂಪ ಆಯಿತು. ಓಲ್ಡ್‌ಹ್ಯಾಮ್ ಊರೂರಿನ ಹಾನಿಯನ್ನು, ಜನ ಕಂಡದ್ದನ್ನು ಒಂದು ಕಡೆ ಸೇರಿಸಿ ದೊಡ್ಡ ವರದಿ ಬರೆದರು. ಯುರೋಪಿನ ಯಂತ್ರಗಳು ಬರೆದ ಗೆರೆಗಳನ್ನೂ ನೋಡಿದರು. ನಮ್ಮ ದೇಶಕ್ಕೆ ಭೂಕಂಪ ಅಳೆಯುವ ಯಂತ್ರ ಬಂದದ್ದು ಮರುವರ್ಷ, 1898ರಲ್ಲಿ, ಕಲ್ಕತ್ತೆಯ ಆಲಿಪುರಕ್ಕೆ. ಅಲ್ಲಿಯವರೆಗೆ ಇಲ್ಲಿ ಇದ್ದದ್ದು ಜನ ಹೇಳಿದ ಮಾತು ಮಾತ್ರ. ಈ ವಿಜ್ಞಾನದ ಬುಡದಲ್ಲಿ ಅಂಥ ಮಾತುಗಳಿವೆ ಅನ್ನುವುದು ನನಗೆ ಬಹಳ ದೊಡ್ಡ ವಿಷಯ.

ಈಗ ಅತ್ತಿಯ ಮಾತು ಹೇಳಬೇಕು. ಅಪ್ಪನ ಅಕ್ಕ. ಅವರನ್ನು ಉಮರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಅಲ್ಲಿಂದ ಕಿಲ್ಲಾರಿ 15 ಕಿ.ಮೀ. ಕೂಡ ಇಲ್ಲ. ಅತ್ತಿ ಆ ರಾತ್ರಿಯ ಬಗ್ಗೆ ತಾನಾಗಿ ಮಾತಾಡುತ್ತಿರಲಿಲ್ಲ. ನಾನು ದೊಡ್ಡವನಾದ ಮೇಲೆ, ಒಂದೇ ಒಂದು ಸಲ, ಸಪ್ಪಳ ಕೇಳಿತ್ತಾ ಅತ್ತಿ ಅಂತ ಕೇಳಿದ್ದೆ.

"ಯಾ ಸಪ್ಪಳಪ್ಪಾ. ಎಚ್ಚರ ಆದಾಗ ಕಲ್ಲಿನ್ಯಾಗಿದ್ದೆ" ಅಂದರು.

ಮಾವ ಉಳಿಯಲಿಲ್ಲ. ಅತ್ತಿಯನ್ನು ಮಧ್ಯಾಹ್ನ ಹೊರಗೆ ತೆಗೆದರಂತೆ. 15 ಕಿ.ಮೀ.ಗೆ ಲೆಕ್ಕ ಹಾಕಿದರೆ ಎರಡು ಸೆಕೆಂಡೂ ಬರುವುದಿಲ್ಲ. ಎರಡು ಸೆಕೆಂಡಿನಲ್ಲಿ ಮನುಷ್ಯ ಕಣ್ಣು ಬಿಡಬಹುದು, ಅಷ್ಟೇ. ಜಪಾನಿನಲ್ಲಿ 2007ರಿಂದ ಇಡೀ ದೇಶಕ್ಕೆ ಭೂಕಂಪದ ಎಚ್ಚರಿಕೆ ಕೊಡುವ ವ್ಯವಸ್ಥೆ ಇದೆ. ಯಂತ್ರ ಪಿ ಅಲೆಯನ್ನು ಹಿಡಿದ ಕೂಡಲೇ ಫೋನಿಗೆ, ಟಿವಿಗೆ ಸುದ್ದಿ ಹೋಗುತ್ತದೆ, ರೈಲುಗಳು ವೇಗ ತಗ್ಗಿಸುತ್ತವೆ. ದೂರದವರಿಗೆ ಹತ್ತು ಇಪ್ಪತ್ತು ಸೆಕೆಂಡು ಸಿಗುತ್ತದೆ. ಆದರೆ ಬಂಡೆ ಒಡೆದ ಜಾಗದ ನೆತ್ತಿಯ ಮೇಲೆ ಇರುವವರಿಗೆ ಸುದ್ದಿ ಮುಟ್ಟುವುದರೊಳಗೆ ನೆಲ ನಡುಗಿ ಆಗಿರುತ್ತದೆ. ಅದನ್ನು ಓದಿದ ದಿನ ನನಗೆ ಅತ್ತಿಯ ಮುಖ ಕಣ್ಣ ಮುಂದೆ ಬಂತು.

ಅವರ ಊರಿನ ಮನೆಗಳು ಹೇಗಿದ್ದವು ಅಂತ ನಮ್ಮ ಕಡೆಯವರಿಗೆ ಹೇಳುವುದೇ ಬೇಡ, ನಮ್ಮ ಮನೆಗಳೂ ಹಾಗೇ ಇದ್ದವು. ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ನಡುವೆ ಮಣ್ಣಿನ ಕೆಸರು. ಮೇಲೆ ತೊಲೆ, ಜಂತಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸೋರಬಾರದು ಅಂತ ಇನ್ನಷ್ಟು ಮಣ್ಣು ಏರಿಸುತ್ತಿದ್ದರು. ಅಜ್ಜನ ಕಾಲದಿಂದ ಏರಿಸಿದ ಮಣ್ಣು ತಲೆಯ ಮೇಲೆ ಕೂತಿರುತ್ತಿತ್ತು. ಬೇಸಿಗೆಯಲ್ಲಿ ಒಳಗೆ ತಂಪು. ನಮ್ಮ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ ಅಂತ ಎಲ್ಲರೂ ನಂಬಿದ್ದರು, ಮತ್ತು ಅದು ನಿಜವೂ ಹೌದು.

ಭೂಕಂಪದ ಮೇಲೆ ನಮ್ಮ ಮನೆಯ ಬಿರುಕು ಬಿಟ್ಟ ಗೋಡೆಯನ್ನು ಬಿಚ್ಚಿದ್ದು ಊರಿನ ಒಬ್ಬ ವಯಸ್ಸಾದ ಗೌಂಡಿ. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಹೊರಗಿನಿಂದ ಒಂದೇ ಗೋಡೆ ಅಂತ ಕಾಣುತ್ತಿದ್ದದ್ದು ಬಿಚ್ಚಿದಾಗ ಎರಡು ಗೋಡೆಯಾಗಿತ್ತು. ಹೊರ ಮುಖಕ್ಕೆ ಒಂದು ಸಾಲು ದೊಡ್ಡ ಕಲ್ಲು, ಒಳ ಮುಖಕ್ಕೆ ಇನ್ನೊಂದು ಸಾಲು. ನಡುವೆ ಬರೀ ಚೂರು ಕಲ್ಲು, ಮಣ್ಣು. ಆ ಗೌಂಡಿ ತನ್ನ ಎರಡು ಅಂಗೈಗಳನ್ನು ನಮಸ್ಕಾರದ ಹಾಗೆ ಹಿಡಿದು, ಆಮೇಲೆ ಎರಡನ್ನೂ ಆಚೆ ಈಚೆ ಬೀಳಿಸಿ ತೋರಿಸಿದ. "ನಡುಗಿದಾಗ ಹಿಂಗ ಬಿಚ್ಕೋತೈತಿ ನೋಡು ತಮ್ಮಾ. ಅಲ್ಲಲ್ಲಿ ಈ ಕಡಿಂದ ಆ ಕಡಿಗೆ ಹಾಯೂವಂಥಾ ಉದ್ದ ಕಲ್ಲ ಇಟ್ಟಿದ್ರ ಹಿಡ್ಕೊಂಡಿರ್ತಿತ್ತು."

ಮುಂದೆ ಎಂಜಿನಿಯರುಗಳು ಬರೆದದ್ದನ್ನು ಓದಿದೆ. ಅದೇ ಮಾತು. ಗೋಡೆಯ ಎರಡು ಮುಖ ಬಿಚ್ಚಿಕೊಂಡದ್ದು, ಮೂಲೆಗಳಲ್ಲಿ ಗೋಡೆಗೂ ಗೋಡೆಗೂ ಹಿಡಿತ ಇಲ್ಲದ್ದು, ಮೇಲಿನ ಮಣ್ಣಿನ ಭಾರ. ಜನರನ್ನು ಕೊಂದದ್ದು ಇದೇ. ಉದ್ದ ಕಲ್ಲು ಇಡಿ, ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಕಟ್ಟಿ, ಮಾಳಿಗೆಯ ಮಣ್ಣು ಇಳಿಸಿ ಅನ್ನುತ್ತಾರೆ. ಹಳೆಯ ಮನೆಗೂ ಇದನ್ನು ಮಾಡಿಸಬಹುದು, ಖರ್ಚು ಹೊಸ ಮನೆಯಷ್ಟು ಬರುವುದಿಲ್ಲ. ಅಪ್ಪ ಮಣ್ಣು ಇಳಿಸಿ ತಗಡು ಹಾಕಿಸಿದರು. ಏಪ್ರಿಲ್‌ನಲ್ಲಿ ಒಳಗೆ ಕೂರಲು ಆಗದಷ್ಟು ಕಾಯುತ್ತದೆ. ಈಚೆಗೆ ನಮ್ಮ ಸುತ್ತ ಕೆಲವರು ತಂಪು ಬೇಕು ಅಂತ ಮತ್ತೆ ಮಣ್ಣು ಏರಿಸುತ್ತಿದ್ದಾರೆ. ಕಂಡಾಗೆಲ್ಲ ನಿಂತು ಹೇಳುತ್ತೇನೆ. ಕೇಳುತ್ತಾರೋ ಬಿಡುತ್ತಾರೋ, ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ಭೂಕಂಪದ ನಂತರದ ದಿನಗಳಲ್ಲಿ ನಾವು ಕಣದಲ್ಲಿ ತಾಡಪತ್ರಿ ಕಟ್ಟಿಕೊಂಡು ಮಲಗುತ್ತಿದ್ದೆವು. ನೆಲ ಮತ್ತೆ ಮತ್ತೆ ಸಣ್ಣಗೆ ನಡುಗುತ್ತಿತ್ತು. ನಿಜವಾಗಿ ನಡುಗಿತೋ, ಹೆದರಿಕೆಗೆ ಹಾಗೆ ಅನಿಸಿತೋ ಅಂತ ದೊಡ್ಡವರಲ್ಲಿ ದಿನಾ ವಾದ. ಅಪ್ಪ ಶಾಲಾ ಮಾಸ್ತರರು. ಒಂದು ಹಿತ್ತಾಳೆ ಪರಾತದಲ್ಲಿ ಮೂರು ಲೋಟಗಳನ್ನು ಒಂದರ ಮೇಲೊಂದು ಬೋರಲು ಹಾಕಿ, ಖಾಲಿ ಮನೆಯ ಪಡಸಾಲೆಯಲ್ಲಿ ಇಟ್ಟರು. ನಡುಗಿದರೆ ಲೋಟ ಪರಾತಕ್ಕೆ ಬೀಳಬೇಕು, ಸಪ್ಪಳ ಕಣದವರೆಗೆ ಕೇಳಬೇಕು. ಬಿದ್ದ ಸಲಕ್ಕೆಲ್ಲ ಬ್ಯಾಟರಿ ಹಚ್ಚಿ ಗಡಿಯಾರ ನೋಡಿ ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆಯುತ್ತಿದ್ದರು. ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಹನ್ನೊಂದು ನಮೂದು. ಒಂದರ ಮುಂದೆ "ಬೆಕ್ಕು" ಅಂತ ಬರೆದಿದೆ. ಇನ್ನೆರಡರ ಮುಂದೆ "ಗಾಳಿ ಇರಬಹುದು" ಅಂತ. ಯಾರಿಗೂ ತೋರಿಸಬೇಕಾಗಿರದ ಪುಸ್ತಕದಲ್ಲಿ ಇಷ್ಟು ಪ್ರಾಮಾಣಿಕವಾಗಿ ಬರೆದಿದ್ದಾರಲ್ಲ ಅಂತ ಪ್ರತಿ ಸಲ ತೆರೆದಾಗಲೂ ಮನಸ್ಸು ತುಂಬಿ ಬರುತ್ತದೆ.

ಚೀನಾದಲ್ಲಿ ಚಾಂಗ್ ಹೆಂಗ್ ಅನ್ನುವವರು ಕ್ರಿ.ಶ. 132ರಲ್ಲಿ ಮಾಡಿದ ಕಂಚಿನ ಯಂತ್ರದ ವಿಚಾರವೂ ಇದೇ. ದೊಡ್ಡ ಹಂಡೆಯ ಸುತ್ತ ಎಂಟು ಡ್ರ್ಯಾಗನ್ ತಲೆ, ಬಾಯಲ್ಲಿ ಒಂದೊಂದು ಗುಂಡು. ನೆಲ ನಡುಗಿದರೆ ಒಂದು ಗುಂಡು ಕೆಳಗಿನ ಕಪ್ಪೆಯ ಬಾಯಿಗೆ ಬೀಳುತ್ತಿತ್ತು. ಇವತ್ತಿನ ಯಂತ್ರ ಎಷ್ಟೋ ಸೂಕ್ಷ್ಮ. ಆದರೆ ಅದರ ಹೊಟ್ಟೆಯೊಳಗಿನ ಯುಕ್ತಿ ನಮ್ಮ ಕಡೆಯ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ನಿಂತವರಿಗೆಲ್ಲ ಗೊತ್ತು. ಬಸ್ಸು ಜರ್ಕ್ ಹೊಡೆದು ಹೊರಟಾಗ ಮೈ ಹಿಂದೆಯೇ ಉಳಿಯುತ್ತದೆ. ಸ್ಪ್ರಿಂಗಿಗೆ ತೂಗುಬಿಟ್ಟ ಭಾರವೂ ಹಾಗೆ. ನೆಲ ಅಲುಗುತ್ತದೆ, ಭಾರ ಇದ್ದಲ್ಲೇ ಇರಲು ನೋಡುತ್ತದೆ. ಇವೆರಡರ ನಡುವಿನ ಅಂತರವನ್ನು ಬರೆದಿಟ್ಟರೆ ಅದೇ ಭೂಕಂಪದ ಗೆರೆ.

ಆ ಕಣದ ರಾತ್ರಿಗಳಲ್ಲಿ ಇನ್ನೊಂದು ಸುದ್ದಿ ಹಬ್ಬಿತ್ತು. ನಮ್ಮ ನೆಲದ ಕೆಳಗೆ ಜ್ವಾಲಾಮುಖಿ ಇದೆ, ಇವತ್ತೋ ನಾಳೆಯೋ ಬಾಯಿ ಬಿಡುತ್ತದೆ ಅಂತ. ಮಕ್ಕಳಾದ ನಾವು ಬಾವಿಗೆ ಬಗ್ಗಿ ನೋಡಲು ಹೆದರುತ್ತಿದ್ದೆವು.

ಈಗ ನಾನೇ ಮಕ್ಕಳನ್ನು ಬಾವಿಗೆ ಕರೆದುಕೊಂಡು ಹೋಗುತ್ತೇನೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ಬೇಸಿಗೆಗೆ ಮುಂಚೆ, ನೀರು ತಳ ಹಿಡಿದಾಗ, ನಮ್ಮ ಹೊಲದ ಬಾವಿಯ ಪಾವಟಿಗೆ ಇಳಿದು ಗೋಡೆ ನೋಡಬೇಕು. ಮೇಲೆ ಎರಿ ಮಣ್ಣು. ಅದರ ಕೆಳಗೆ ಅರೆ ಕಲ್ಲು ಅರೆ ಮಣ್ಣಿನ ಮುರುಮ. ಆಮೇಲೆ ಗಟ್ಟಿ ಕರಿಕಲ್ಲು. ಇನ್ನೂ ಕೆಳಗೆ ಅದೇ ಕಲ್ಲಿನಲ್ಲಿ ಜೇನುಗೂಡಿನ ಹಾಗೆ ತೂತು, ಕೆಲವು ತೂತಿನಲ್ಲಿ ಸಕ್ಕರೆಯಂಥ ಬಿಳಿ ಹರಳು. ಅದರ ಕೆಳಗೆ ಒಂದು ಮೊಳದ ಕೆಂಪು ಪಟ್ಟಿ, ಇಟ್ಟಿಗೆ ಬಣ್ಣದ್ದು. ಉಗುರು ಹಾಕಿದರೆ ಉದುರುತ್ತದೆ. ಪಟ್ಟಿಯ ಕೆಳಗೆ ಮತ್ತೆ ಕರಿಕಲ್ಲು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ಶಂಕುವಿನ ಆಕಾರದ ಬೆಟ್ಟದಿಂದ ಅಲ್ಲ, ಉದ್ದುದ್ದ ಬಿರುಕುಗಳಿಂದ. ಒಂದು ಸಲ ಹರಿದು ಆರುತ್ತಿತ್ತು, ಅದರ ಮೇಲೆ ಇನ್ನೊಂದು. ಕಲ್ಲಿನ ತೂತುಗಳು ಆ ಲಾವಾದೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು. ಕೆಂಪು ಪಟ್ಟಿ ಎರಡು ಲಾವಾಗಳ ನಡುವಿನ ವಿರಾಮ. ಆ ಹೊತ್ತಿನಲ್ಲಿ ಹಳೆಯ ಕಲ್ಲಿನ ಮೈ ಮಳೆ ಬಿಸಿಲಿಗೆ ಮಣ್ಣಾಗಿತ್ತು, ಮುಂದಿನ ಲಾವಾ ಬಂದು ಅದನ್ನು ಮುಚ್ಚಿತು. ಮಕ್ಕಳಿಗೆ ಆ ಪಟ್ಟಿಯ ಮೇಲೆ ಕೈ ಇಡಿ ಅನ್ನುತ್ತೇನೆ. ಗದ್ದಲ ಮಾಡುವವರೂ ಸುಮ್ನೆ ಆಗುತ್ತಾರೆ. ಈಗ ಉಳಿದಿರುವ ದಖ್ಖನ್ ಕರಿಕಲ್ಲೇ ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿದೆ. ನಮ್ಮ ಜೋಳ ಬೆಳೆಯುವ ಎರಿ ಮಣ್ಣು ಅದೇ ಕಲ್ಲು ಕರಗಿ ಆದದ್ದು.

ಹಾಗಾಗಿ ಸುದ್ದಿ ಅರ್ಧ ನಿಜ. ಜ್ವಾಲಾಮುಖಿ ಇತ್ತು. ಅದು ಯಾವತ್ತೋ ಆರಿದೆ, ಕಿಲ್ಲಾರಿಯ ಭೂಕಂಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಭೂಕಂಪದ ಮೇಲೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಿಲ್ಲಾರಿಯಲ್ಲಿ 617 ಮೀಟರ್ ಆಳ ಕೊರೆದು ನೋಡಿದರು. ಕರಿಕಲ್ಲು 338 ಮೀಟರಿಗೆ ಮುಗಿಯಿತು. ಅದರ ಕೆಳಗೆ ಇನ್ನೂ ಎಷ್ಟೋ ಹಳೆಯ ಬಂಡೆ. ಒಡೆದದ್ದು ಆ ಹಳೆಯ ಬಂಡೆಯ ಆಳದಲ್ಲಿ. ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿದು ಏಷ್ಯಾಕ್ಕೆ ಒತ್ತುತ್ತಿದೆ. ಹಿಮಾಲಯದಲ್ಲಿ ಆ ಒತ್ತಡ ಕಣ್ಣಿಗೆ ಕಾಣುತ್ತದೆ. ಆದರೆ ಅದು ಇಡೀ ಹಾಸುಬಂಡೆಯ ಮೇಲೆ ಇದೆ, ಎಲ್ಲೋ ಹಳೆಯ ಬಿರುಕು ಸಿಕ್ಕರೆ ಅಲ್ಲಿ ಬಿಚ್ಚಿಕೊಳ್ಳುತ್ತದೆ.

ಜ್ವಾಲಾಮುಖಿ ಬಾಯಿ ಬಿಡುವ ಮುಂಚೆ ಸಾಮಾನ್ಯವಾಗಿ ಸುಳಿವು ಕೊಡುತ್ತದೆ. ನೆಲ ಉಬ್ಬುತ್ತದೆ, ಹೊಗೆ ಹೆಚ್ಚುತ್ತದೆ, ಸಣ್ಣ ಕಂಪನ ಶುರುವಾಗುತ್ತದೆ. ಫಿಲಿಪೈನ್ಸಿನ ಪಿನಟುಬೋ 1991ರ ಜೂನ್‌ನಲ್ಲಿ ಸಿಡಿಯುವ ಮುಂಚೆ ವಿಜ್ಞಾನಿಗಳು ವಾರಗಟ್ಟಲೆ ಅದರ ನಾಡಿ ನೋಡುತ್ತ ಕೂತಿದ್ದರು, ಹತ್ತಾರು ಸಾವಿರ ಜನರನ್ನು ಮೊದಲೇ ದೂರ ಕಳಿಸಿದರು. ಭೂಕಂಪದಲ್ಲಿ ಹಾಗಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮುಂಚೆ ಹೇಳಲು ಇವತ್ತಿಗೂ ಯಾರಿಗೂ ಬರುವುದಿಲ್ಲ.

ಕಿಲ್ಲಾರಿಯ ಸುತ್ತ 1992ರಲ್ಲೇ ನೆಲ ಹಲವು ಸಲ ನಡುಗಿತ್ತು. ಜನರಿಗೆ ಗೊತ್ತಾಗಿತ್ತು, ಹೆದರಿದ್ದರು. ಆಮೇಲೆ ಕಡಿಮೆ ಆಯಿತು. ಇಂಥ ಸಣ್ಣ ನಡುಕ ಬಹಳ ಕಡೆ ಬಂದು ಹೋಗುತ್ತದೆ, ಹಿಂದೆ ದೊಡ್ಡದು ಬರುವುದು ಅಪರೂಪ. ಹಾಗಾಗಿ ಮೊದಲೇ ತಿಳಿಯಬೇಕಿತ್ತು ಅಂತ ನಾನು ಅನ್ನುವುದಿಲ್ಲ. ಆದರೆ ಭೂಕಂಪದ ಅಪಾಯ ತೋರಿಸುವ ಆಗಿನ ನಕ್ಷೆಯಲ್ಲಿ ಆ ಭಾಗ ವಲಯ ಒಂದರಲ್ಲಿತ್ತು, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ. 2002ರ ನಕ್ಷೆಯಲ್ಲಿ ವಲಯ ಒಂದನ್ನೇ ತೆಗೆದುಹಾಕಿದರು. ಅಪಾಯವೇ ಇಲ್ಲ ಅನ್ನಬಹುದಾದ ನೆಲ ಈ ದೇಶದಲ್ಲಿ ಇಲ್ಲ ಅಂತ ಒಪ್ಪಿಕೊಂಡ ಹಾಗೆ.

ನಮ್ಮ ರಾಜ್ಯದಲ್ಲೇ ಇರುವ ಕೊಯ್ನಾ ಅಣೆಕಟ್ಟಿನ ಕಥೆ ಬೇರೆ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಅಲ್ಲಿ 6.3ರ ಭೂಕಂಪ ಆಯಿತು. ಅಣೆಕಟ್ಟಿನಲ್ಲಿ ನೀರು ತುಂಬಲು ಶುರುವಾದ ಮೇಲೆ ಆ ಭಾಗದಲ್ಲಿ ನಡುಕ ಹೆಚ್ಚಿತು, ಇವತ್ತಿಗೂ ನಿಂತಿಲ್ಲ. ನೀರಿನ ಭಾರ, ಬಿರುಕಿಗೆ ಇಳಿಯುವ ನೀರಿನ ಒತ್ತಡ, ಇವು ಮೊದಲೇ ಬಿಗಿದಿದ್ದ ಬಂಡೆಯನ್ನು ಕೆರಳಿಸುತ್ತವೆ. ನಡುಕ ಒಂದು ಸಣ್ಣ ಜಾಗದೊಳಗೇ ಆಗುವುದರಿಂದ ವಿಜ್ಞಾನಿಗಳು ಅಲ್ಲೇ 3 ಕಿ.ಮೀ. ಆಳ ಕೊರೆದಿದ್ದಾರೆ. ಕಿವಿಯನ್ನು ಬಂಡೆಯ ಹತ್ತಿರಕ್ಕೇ ಒಯ್ಯುವ ಕೆಲಸ ಅದು.

ನನ್ನದು ಅಷ್ಟು ದೊಡ್ಡ ಕೆಲಸ ಅಲ್ಲ. ರಜೆಯಲ್ಲಿ ಅಕ್ಕಲಕೋಟ, ಉಮರ್ಗಾ ಕಡೆಯ ಹಳ್ಳಿಗಳಿಗೆ ಹೋಗಿ ಆ ರಾತ್ರಿ ನೆನಪಿರುವವರನ್ನು ಕೇಳಿ ಬರೆದುಕೊಳ್ಳುತ್ತೇನೆ. ಕನ್ನಡದಲ್ಲೇ, ಅವರು ಹೇಳಿದ ಹಾಗೇ. ಇಟಲಿಯ ಮೆರ್ಕಾಲಿ ಅನ್ನುವವರ ಹೆಸರಿನಲ್ಲಿ 1ರಿಂದ 12ರವರೆಗಿನ ಒಂದು ಪಟ್ಟಿ ಇದೆ. ಮಲಗಿದವರು ಎದ್ದರಾ, ಪಾತ್ರೆ ಬಿದ್ದವಾ, ಗೋಡೆ ಬಿರಿಯಿತಾ ಅಂತ ನೋಡಿ ಆ ಊರಿಗೆ ಅಂಕಿ ಕೊಡುವುದು. ಸಪ್ಪಳ ಹೇಗಿತ್ತು ಅಂತ ಕೇಳಿದರೆ ಒಬ್ಬರು ಬೀಸುಕಲ್ಲು ಬೀಸಿದ ಹಾಗೆ ಅಂದರು. ಇನ್ನೊಬ್ಬರು ಜಾತ್ರೆಯ ತೇರು ಓಣಿಗೆ ಬಂದ ಹಾಗೆ ಅಂದರು. ಹೇಳಬಲ್ಲವರು ವರ್ಷ ವರ್ಷಕ್ಕೆ ಕಡಿಮೆ ಆಗುತ್ತಿದ್ದಾರೆ. ಅತ್ತಿ ಹೋಗಿ ಆರು ವರ್ಷ. ಆ ಒಂದು ವಾಕ್ಯ ಬಿಟ್ಟು ಬೇರೇನನ್ನೂ ನಾನು ಕೇಳಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಹೊತ್ತನ್ನು ಅಳೆಯಬೇಕು ಅನಿಸಿತು. ಮನೆ ಅದೇ, ಹೊಸ್ತಿಲು ಅದೇ. ಆ ರಾತ್ರಿ ಏನೇನು ಮಾಡಿದೆಯೋ ಮತ್ತೊಮ್ಮೆ ಮಾಡಿ ತೋರಿಸು ಅಂದೆ. ಅವ್ವ ಮೊದಲು ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ದಿಂಬು ತಂದು, ತೊಟ್ಟಿಲು ಇದ್ದ ಜಾಗದಲ್ಲಿ ಸ್ಟೂಲಿನ ಮೇಲೆ ಇಟ್ಟಳು. ಚಾಪೆಯ ಮೇಲೆ ಮಲಗಿದಳು. ನಾನು ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿ "ಲಾರಿ" ಅಂದೆ.

ಅವ್ವ ಕಿವಿಗೊಟ್ಟಳು. ಕೈ ಊರಿ ಎದ್ದಳು, ಮೊಣಕಾಲು ಹಿಡಿದುಕೊಂಡಳು. ದಿಂಬನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಒತ್ತಿಕೊಂಡು, ತಲೆಯ ಹಿಂದೆ ಅಂಗೈ ಕೊಟ್ಟಳು. ಹೊಸ್ತಿಲು ದಾಟಿದಳು. ಹದಿನಾಲ್ಕು ಸೆಕೆಂಡು.

ಲೆಕ್ಕದ ಪ್ರಕಾರ ಒಂಬತ್ತು ಬರಬೇಕು ಅಂತ ಹೇಳಿದೆ. ಅವಳಿಗೆ ಈಗ ಅರವತ್ತು ದಾಟಿದೆ, ಆಗ ಮೂವತ್ತು. ಇದರಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ ಅವ್ವಾ, ಬಿಡು ಅಂದೆ.

"ಆಗ ನಾ ಇಷ್ಟ ಸಾವಕಾಶ ಏಳ್ತಿದ್ದಿಲ್ಲ" ಅಂದಳು. ದಿಂಬನ್ನು ಮತ್ತೆ ಸ್ಟೂಲಿನ ಮೇಲೆ ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

"ಈಗ ಹಚ್ಚು."